ಡಿಸ್ಕಿನಿಂದ ಮೂರನೇ ಪದರ ಎಬ್ಬಿಸಿದ್ದು

“ಇದು ಈ ಜನ್ಮದಾಗ ಆಗೋ ಮಾತಲ್ಲ” ಎಂದು ಹೇಳಿದವರು ಶಹಾಬಾದಿನ ಭೀಮಶಾ. ಅವರು ನನ್ನ ಸೋದರಮಾವ. ಮುಂದೆ ತಮ್ಮ ಮಗಳು ಕಾಶಿಯನ್ನು ಕೊಟ್ಟು, ಹೆಣ್ಣು ಕೊಟ್ಟ ಮಾವನೂ ಆದರು. ಹೀಗಾಗಿ ಅವರ ಅಭಿಪ್ರಾಯವನ್ನು ನಾನು ಡಬಲ್ ಗೌರವದಿಂದ ಕೇಳಬೇಕಾಗಿತ್ತು.

ಮಾವ ಇಂಥ ಭವಿಷ್ಯ ನುಡಿದದ್ದು ಅದೇ ಮೊದಲಲ್ಲ. ನಾನು ಮೆಟ್ರಿಕ್ ಪಾಸಾಗುವುದಿಲ್ಲ ಎಂದಿದ್ದರು. ಪಾಸಾದೆ, ಎರಡನೇ ಸಲಕ್ಕೆ. ಬಿ.ಎಸ್ಸಿ. ಅಂತೂ ಸಾಧ್ಯವೇ ಇಲ್ಲ ಎಂದಿದ್ದರು. ಅದೂ ಆಯಿತು. ಹೆಬ್ಬೆಟ್ಟು ಒತ್ತುವವರ ಮನೆತನದಲ್ಲಿ ಪೆನ್ನು ಹಿಡಿದು ಸಹಿ ಹಾಕಿದ ಮೊದಲ ಮನುಷ್ಯ ನಾನು. ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವ ಮಾವನ ಅಡ್ಡೆಯಲ್ಲಿ ಕೂತು, ಪಾಟಿ ಸಾಲದೆ ಫರಸಿಯ ಮೇಲೇ ಸೀಮೆಸುಣ್ಣದಿಂದ ಲೆಕ್ಕ ಬಿಡಿಸಿ ಓದಿದವನು. ಲೆಕ್ಕ ಅರ್ಧ ಆಗಿರುವಾಗಲೇ ಗಿರಾಕಿ ಬಂದು ಕಲ್ಲು ಒಯ್ದುಬಿಡುತ್ತಿದ್ದ. ಚಿತ್ತಾಪುರದ ಯಾರದೋ ಅಡುಗೆಮನೆಯ ನೆಲದಲ್ಲಿ ನನ್ನದೊಂದು ಸಮೀಕರಣ ಇನ್ನೂ ಉತ್ತರ ಸಿಗದೆ ಬಿದ್ದಿರಬೇಕು!

ಎರಡು ಸಲ ಸೋತರೂ ಮಾವನ ಆತ್ಮವಿಶ್ವಾಸ ಕುಗ್ಗಿರಲಿಲ್ಲ. ಎಂಬತ್ತರ ದಶಕದ ನಡುವೆ, ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಕಾಟಾದ ಮೇಲೆ ಲಾರಿಗಳ ತೂಕ ಬರೆದುಕೊಳ್ಳುತ್ತಿದ್ದ ನನ್ನನ್ನು ಕಂಪ್ಯೂಟರ್ ತರಬೇತಿಗೆ ಆರಿಸಿದರು. ಆಗ ಮಾವ ಮೂರನೇ ಭವಿಷ್ಯ ನುಡಿದರು.

“ಸಿದ್ರಾಮ್ಯಾ, ಓದೋದು ಬ್ಯಾರೆ. ಆ ಮಷೀನ್ ನಿನ್ ಮಾತು ಕೇಳೋದು ಬ್ಯಾರೆ. ಮನ್ಯಾಗಿನ ಎಮ್ಮೀನೇ ನಿನ್ ಮಾತು ಕೇಳಂಗಿಲ್ಲ.”

ಕಾಶಿ ಒಳಗಿನಿಂದ ಕೂಗಿದಳು. “ಅಪ್ಪಾ, ಎಮ್ಮಿ ನಿನ್ ಮಾತೂ ಕೇಳಂಗಿಲ್ಲ!”

ನಾನು ಮಾತ್ರ ಶಾಂತವಾಗಿದ್ದೆ. ವಿದ್ಯಾವಂತನಿಗೆ ಶಾಂತಿಯೇ ಭೂಷಣ. ಆರು ತಿಂಗಳ ತರಬೇತಿ, ಕೊನೆಗೊಂದು ಪರೀಕ್ಷೆ. ಪಾಸಾದರೆ ಸರ್ಟಿಫಿಕೇಟು, ಕಂಪ್ಯೂಟರ್ ಕೋಣೆಯಲ್ಲಿ ಕಾಯಂ ಕೆಲಸ. ಫೇಲಾದರೆ ಮತ್ತೆ ಕಾಟಾ, ಮತ್ತೆ ಲಾರಿಯ ಧೂಳು, ಎಲ್ಲಕ್ಕಿಂತ ಹೆಚ್ಚಾಗಿ ಮಾವನ ಮುಖದಲ್ಲಿ ನಗು. ಮೊದಲಿನ ಎರಡನ್ನು ಹೇಗಾದರೂ ತಡೆದುಕೊಳ್ಳಬಹುದಿತ್ತು.

ಕಂಪ್ಯೂಟರ್ ಇದ್ದದ್ದು ತಂಪು ಕೋಣೆಯಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅದರ ಪಕ್ಕದಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ಗರಗರ ತಿರುಗುವ ಡಿಸ್ಕು. ಕಂಪ್ಯೂಟರಿನ ನೆನಪು ಬೊಗಸೆಯಷ್ಟು. ಡಿಸ್ಕು ಮಾತ್ರ ನಮ್ಮ ಕಡೆ ನೆಲದೊಳಗೆ ತೋಡುವ ಜೋಳದ ಹಗೇವಿನಷ್ಟು. ಎಷ್ಟು ಸುರಿದರೂ ಹಿಡಿಯುತ್ತಿತ್ತು. ಬೇಕಾದಾಗ ಹಗೇವಿನಿಂದ ಬೊಗಸೆಗೆ ತೆಗೆದುಕೊಂಡು ಕೆಲಸ ಮಾಡಬೇಕು. ಇಷ್ಟೇ ಅದರ ಗುಟ್ಟು. ಇಷ್ಟನ್ನು ನಾನು ಮೊದಲ ದಿನವೇ ತಿಳಿದುಕೊಂಡೆ. ಕೊನೆಯ ವಾರದ ಹೊತ್ತಿಗೆ ಮರೆತಿದ್ದೆ.

ಕಲಿಸಲು ಹೈದರಾಬಾದಿನಿಂದ ಪಂತುಲು ಸಾಹೇಬರು ಬಂದಿದ್ದರು. ತೆಳ್ಳಗಿನ ಮನುಷ್ಯ, ಎದೆಯ ಜೇಬಿನಲ್ಲಿ ನಾಲ್ಕು ಬಣ್ಣದ ನಾಲ್ಕು ಪೆನ್ನು. ಅವರು ಕಲಿಸಿದ ಭಾಷೆ ಫೋರ್ಟ್ರಾನ್. ನನ್ನ ಪಾಲಿಗೆ ಬಂದ ಕೆಲಸ ಕಾರ್ಖಾನೆಯ ಸುಣ್ಣದ ಕಲ್ಲಿನ ಖಣಿ. ಖಣಿಯ ನೆಲವನ್ನು ಪೂರ್ವಕ್ಕೆ ನಲವತ್ತು, ಉತ್ತರಕ್ಕೆ ಮೂವತ್ತು ಚೌಕಗಳಾಗಿ ಗೆರೆ ಹಾಕಿ, ಪ್ರತಿ ಚೌಕದಲ್ಲೂ ಕೊಳವೆ ಕೊರೆದು, ಮೇಲಿನಿಂದ ಕೆಳಗೆ ಹನ್ನೆರಡು ಪದರಗಳ ಕಲ್ಲು ತೆಗೆದು ಪರೀಕ್ಷೆ ಮಾಡಿದ್ದರು. ಪ್ರತಿ ತುಂಡಿನಲ್ಲೂ ಸುಣ್ಣ ಎಷ್ಟು, ಮರಳು ಎಷ್ಟು ಎಂದು ನಾಲ್ಕು ಪದಾರ್ಥಗಳ ಅಳತೆ. ಒಟ್ಟು ಐವತ್ತೇಳು ಸಾವಿರದ ಆರುನೂರು ಅಂಕಿ! ಎರಡು ತಿಂಗಳು ಕೂತು, ಕೊಳವೆಯಾದ ಮೇಲೆ ಕೊಳವೆಯಂತೆ, ರಿಜಿಸ್ಟರಿನಲ್ಲಿ ಬಂದ ಹಾಗೇ ಅಷ್ಟನ್ನೂ ನಾನೇ ಕೈಯಾರೆ ಡಿಸ್ಕಿಗೆ ತುಂಬಿದೆ. ‘ಬಂದ ಹಾಗೇ’ ಎಂಬ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿರಲಿಲ್ಲ.

“ಏಮಯ್ಯಾ ಸಿದ್ರಾಮ,” ಎಂದರು ಪಂತುಲು ಸಾಹೇಬರು. “ಪರೀಕ್ಷೆ ಬರುವ ಬುಧವಾರ. ಮ್ಯಾನೇಜರ್ ಸಾಹೇಬರು ಯಾವ ಪದರ ಕೇಳ್ತಾರೋ ಆ ಪದರದ ನಕ್ಷೆ ತೆಗೆದು ಕೊಡಬೇಕು. ನಾಲ್ಕು ಪದಾರ್ಥ, ಹನ್ನೆರಡು ಪದರ, ಒಟ್ಟು ನಲವತ್ತೆಂಟು ನಕ್ಷೆ. ಊಟದ ಸೈರನ್ ಒಳಗೆ ಅಷ್ಟೂ ಬರಬೇಕು. ಆಗ್ತದಾ?”

“ಇಷ್ಟೇನಾ ಸರ್?” ಎಂದೆ.

ಈ ‘ಇಷ್ಟೇನಾ’ ನನ್ನ ಬಾಯಿಂದ ಬರಬಾರದಿತ್ತು.

ಒಂದು ಪದರ ತೆಗೆಯುವುದಕ್ಕೆ ಮೊದಲು ಇಡೀ ಖಣಿಯನ್ನು ಒಮ್ಮೆ ಕಣ್ತುಂಬ ನೋಡಿಬಿಡೋಣ ಎಂಬ ದೊಡ್ಡ ಮನಸ್ಸು ನನ್ನದು. ಡಿಸ್ಕಿನಲ್ಲಿದ್ದಷ್ಟನ್ನೂ ಒಂದೇ ಏಟಿಗೆ ಕಂಪ್ಯೂಟರಿನ ನೆನಪಿಗೆ ಎಳೆದುಕೊಳ್ಳುವಂತೆ ಬರೆದೆ. ಯಂತ್ರ ಒಂದು ಕ್ಷಣ ಯೋಚಿಸಿತು. ಜಾಗ ಇಲ್ಲ ಎಂದಿತು. ಮತ್ತೆ ಕೇಳಿದೆ. ಮತ್ತೆ ಇಲ್ಲ ಎಂದಿತು. ಮೂರನೇ ಸಲಕ್ಕೆ ಏನೂ ಹೇಳದೆ ಪರದೆ ಕಪ್ಪು ಮಾಡಿಕೊಂಡು ಕೂತಿತು. ಅದರೊಂದಿಗೆ, ಅದೇ ಯಂತ್ರದಲ್ಲಿದ್ದ ಟೈಂ ಆಫೀಸಿನವರ ಹಾಜರಿ ಪಟ್ಟಿಯೂ ಕೂತಿತು! ಮೊದಲ ಪಾಳಿಯವರು ಆ ದಿನ ಕೆಲಸಕ್ಕೆ ಬಂದಿದ್ದಾರೋ ಇಲ್ಲವೋ ಎಂದು ಮಧ್ಯಾಹ್ನದವರೆಗೆ ಯಾರಿಗೂ ಹೇಳಲಾಗಲಿಲ್ಲ.

ಪಂತುಲು ಸಾಹೇಬರು ಹಣೆ ಹಿಡಿದುಕೊಂಡರು. “ಸುಲೇಪೇಟದ ಸಂತೆಯನ್ನೆಲ್ಲ ಒಂದು ಬಸ್ಸಿಗೆ ಹತ್ತಿಸ್ತೀಯೇನಯ್ಯಾ? ಬೇಕಾದ ಪದರ ಅಷ್ಟೇ ತೆಗಿ! ಮಿಕ್ಕಿದ್ದು ಡಿಸ್ಕಿನಲ್ಲೇ ಇರಲಿ.”

ಸರಿ, ಒಂದೇ ಪದರ. ಡಿಸ್ಕಿನಲ್ಲಿರುವ ಪ್ರತಿ ಅಂಕಿಗೂ ನಾಲ್ಕು ಭಾಗದ ವಿಳಾಸ: ಪೂರ್ವಕ್ಕೆ ಎಷ್ಟನೇ ಚೌಕ, ಉತ್ತರಕ್ಕೆ ಎಷ್ಟನೇದು, ಕೆಳಗೆ ಎಷ್ಟನೇ ಪದರ, ಯಾವ ಪದಾರ್ಥ. ನನಗೆ ಮೂರನೇ ಪದರದ ಸುಣ್ಣ ಬೇಕಿತ್ತು. ಮೂರು ಎಂಬ ಅಂಕಿಯನ್ನು ಆ ವಿಳಾಸದ ಮೂರನೇ ಪೀಠದ ಮೇಲೆ ಕೂರಿಸಬೇಕು. ಆತುರದಲ್ಲಿ ಮೊದಲನೇ ಪೀಠದ ಮೇಲೆ ಕೂರಿಸಿದೆ. ಯಂತ್ರಕ್ಕೆ ಏನಂತೆ? ಯಾರು ಎಲ್ಲಿ ಕೂತರೂ ನಮಸ್ಕಾರ ಮಾಡುತ್ತದೆ. ನಕ್ಷೆ ಹೊರಗೆ ಬಂತು. ನಾನು ಎಣಿಸಿದ್ದಕ್ಕಿಂತ ಸ್ವಲ್ಪ ಸಣಕಲಾಗಿತ್ತು. ಕಂಪ್ಯೂಟರ್ ಕಾಗದ ಉಳಿಸಿದೆ ಎಂದು ಸಂತೋಷಪಟ್ಟೆ.

ಆ ನಕ್ಷೆಯನ್ನು ಧ್ವಜದಂತೆ ಹಿಡಿದು ಖಣಿಯ ಮೇಸ್ತ್ರಿ ಉಸ್ಮಾನ್ ಸಾಬರ ಬಳಿ ಹೋದೆ. ಮೂವತ್ತು ವರ್ಷ ಅದೇ ಖಣಿಯಲ್ಲಿ ಕಳೆದ ಮನುಷ್ಯ. ಕಲ್ಲನ್ನು ನಾಲಿಗೆಗೆ ಹಚ್ಚಿ ಸುಣ್ಣ ಎಷ್ಟಿದೆ ಹೇಳುತ್ತಾರೆ ಎಂದು ಪ್ರತೀತಿ.

“ಚಾಚಾ, ಒಳ್ಳೆ ಕಲ್ಲು ಎಲ್ಲಿದೆ ಅಂತ ಕಂಪ್ಯೂಟರ್ ಹೇಳಿದೆ. ಕೆಂಪು ಬಾವುಟ ನೆಡಿಸಿ.”

ಉಸ್ಮಾನ್ ಸಾಬರು ನಕ್ಷೆಯನ್ನು ನೆಟ್ಟಗೆ ನೋಡಿದರು, ಅಡ್ಡ ನೋಡಿದರು. “ಅರೇ ಮಿಯಾ, ಖಣಿ ಇಷ್ಟು ಬಡಕಲು ಯಾವಾಗ ಆಯ್ತು? ಜ್ವರ ಬಂದಿತ್ತೇನು?”

“ಲೆಕ್ಕ ತಪ್ಪಲ್ಲ ಚಾಚಾ. ಯಂತ್ರ.”

“ಠೀಕ್ ಹೈ. ಯಂತ್ರ ಅಂದ್ರ ಯಂತ್ರ.”

ಬಾವುಟ ನೆಡುತ್ತ ಹೊರಟೆವು. ಮುಂದೆ ನಕ್ಷೆ ಹಿಡಿದ ನಾನು, ಹಿಂದೆ ಬಾವುಟ ಹಿಡಿದ ನಾಲ್ಕು ಆಳು, ಎಲ್ಲರ ಹಿಂದೆ ನಗು ತಡೆಯುತ್ತ ಉಸ್ಮಾನ್ ಸಾಬರು. ಸುಣ್ಣ ಹೆಚ್ಚಾಗುತ್ತ ಹೋದಂತೆ ನನ್ನ ಎದೆಯೂ ಉಬ್ಬುತ್ತ ಹೋಯಿತು. ಕೊನೆಗೆ ಎಲ್ಲಕ್ಕಿಂತ ಉತ್ತಮವಾದ ಕಲ್ಲಿನ ಜಾಗ ಬಂತು. ಬಾವುಟ ನೆಡಲು ಬಗ್ಗಿದೆ.

ಅದು ಕ್ಯಾಂಟೀನಿನ ಒಲೆ!

ಕ್ಯಾಂಟೀನಿನ ಬಸಮ್ಮ ಸಾರಿನ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಏನೋ ಯಪ್ಪಾ, ನನ್ ಒಲಿ ಕೀಳಿಸ್ಲಾಕ ಬಂದೀಯೇನು? ಐದ್ನೂರು ಮಂದಿ ಊಟಾ ಮಾಡೋ ಒಲಿ ಇದು!”

“ಬಸಮ್ಮಾ, ಇದರ ಕೆಳಗೆ ಭಾರೀ ಸುಣ್ಣದ ಕಲ್ಲಿದೆ ಅಂತ ಕಂಪ್ಯೂಟರ್...”

“ಕಂಪ್ಯೂಟರ್ ಇಲ್ಲಿ ಊಟಾ ಮಾಡಂಗಿಲ್ಲಲ್ಲ, ಅದಕ್ಕ ಹಂಗ ಹೇಳ್ತದ! ನಡೀ ಇಲ್ಲಿಂದ!”

ಉಸ್ಮಾನ್ ಸಾಬರು ಆಗ ನನ್ನ ಕೈಯಿಂದ ನಕ್ಷೆ ತೆಗೆದುಕೊಂಡು ಮೆಲ್ಲಗೆ ಹೇಳಿದರು. “ಬೇಟಾ, ಇದರಾಗ ಹನ್ನೆರಡೇ ಸಾಲು ಅದಾವ. ಖಣಿಯೊಳಗ ಹನ್ನೆರಡು ಇರೋದು ಒಂದೇ. ಪದರ.”

ಅಷ್ಟೇ. ಯಂತ್ರ ಕೊಟ್ಟದ್ದು ಪದರವಲ್ಲ, ಖಣಿಯನ್ನು ಮೇಲಿನಿಂದ ಕೆಳಗೆ ಚಾಕುವಿನಲ್ಲಿ ಕೊಯ್ದ ಗೋಡೆ. ಕೆಳಗೆ ಇಳಿಯಬೇಕಾದಲ್ಲಿ ನಾನು ಪೂರ್ವಕ್ಕೆ ನಡೆದಿದ್ದೆ! ಆ ವಾರವಿಡೀ ನನ್ನ ತಟ್ಟೆಗೆ ಬಿದ್ದ ಸಾರಿನಲ್ಲಿ ಬೇಳೆ ಇರಲಿಲ್ಲ.

ಶುಕ್ರವಾರ ಅಂಕಿಗಳನ್ನು ಅವರವರ ಪೀಠದಲ್ಲಿ ಕೂರಿಸಿ, ಎರಡು ಸಲ ಪರೀಕ್ಷಿಸಿ, ನಲವತ್ತೆಂಟೂ ನಕ್ಷೆ ಕೊಡು ಎಂದು ಒಂಬತ್ತು ಗಂಟೆಗೆ ಆಜ್ಞೆ ಕೊಟ್ಟೆ. ಡಿಸ್ಕು ಟಕ ಎಂದಿತು. ಟಕ. ಟಕಟಕ. ಟಕಟಕಟಕ. ಹತ್ತು ಗಂಟೆಗೆ ಮೂರು ನಕ್ಷೆ ಬಂದಿದ್ದವು. ಹನ್ನೊಂದಕ್ಕೆ ಡಿಸ್ಕಿನ ಪೆಟ್ಟಿಗೆ ಗಡಗಡ ನಡುಗತೊಡಗಿತು. ಹನ್ನೆರಡಕ್ಕೆ ಇಟ್ಟ ಜಾಗ ಬಿಟ್ಟು ನಾಲ್ಕು ಬೆರಳು ಮುಂದೆ ಬಂತು! ಸುಳ್ಳಲ್ಲ, ಬಾಗಿಲ ಕಡೆಗೇ ಬರುತ್ತಿತ್ತು. ನನ್ನ ಕೈಯಿಂದ ತಪ್ಪಿಸಿಕೊಂಡು ವಾಡಿ ಸ್ಟೇಷನ್ನಿಗೆ ಹೋಗಿ ಹೈದರಾಬಾದಿನ ರೈಲು ಹತ್ತುವ ವಿಚಾರವಿದ್ದಿರಬೇಕು. ಪಂತುಲು ಸಾಹೇಬರೂ ನಾನೂ ಅದನ್ನು ಎರಡೂ ಕಡೆಯಿಂದ ತಬ್ಬಿ ಹಿಡಿದು ನಿಂತೆವು. ಊಟದ ಸೈರನ್ ಆದಾಗ ಬಂದ ನಕ್ಷೆ ಹದಿಮೂರು.

“ಲೆಕ್ಕ ಸರಿ ಇದೆ,” ಎಂದರು ಸಾಹೇಬರು ಪೆಟ್ಟಿಗೆಯನ್ನು ತಬ್ಬಿಕೊಂಡೇ. “ವೇಗ ಇಲ್ಲ. ಬುಧವಾರ ಹೀಗೆ ಆದರೆ ಸರ್ಟಿಫಿಕೇಟ್ ಕೊಡಲಿಕ್ಕೆ ನನ್ನಿಂದ ಆಗಲ್ಲಯ್ಯಾ.”

“ಯಾಕೆ ಹೀಗೆ ಸರ್?”

“ಅದನ್ನ ನೀನೇ ಹುಡುಕಬೇಕು. ಪರೀಕ್ಷೆ ನಿನ್ನದು.”

ಎರಡು ದಿನ ಗೋಡೆ ನೋಡುತ್ತ ಕೂತೆ. ಮೂರನೇ ಭವಿಷ್ಯ ನಿಜವಾಗುವ ಲಕ್ಷಣ ಕಾಣುತ್ತಿತ್ತು. ರವಿವಾರ ಕಾಶಿ ಹೇಳಿದಳು.

“ಏನ್ರಿ, ಗ್ವಾಡಿ ನೋಡ್ಕೋತ ಕುಂತ್ರ ಗ್ವಾಡಿ ಏನೂ ಹೇಳಂಗಿಲ್ಲ. ನಡೀರಿ, ಅಪ್ಪನ ಕಡಿ ಹೋಗಿ ಬರೋಣ.”

“ನಿಮ್ಮಪ್ಪನ ಮುಖ ಈಗ ನೋಡಬೇಕಾ?”

“ಮುಖಾ ನೋಡಬ್ಯಾಡ್ರಿ. ಕಲ್ಲು ನೋಡ್ರಿ. ಸಣ್ಣವರಿದ್ದಾಗ ಕಲ್ಲಿನ ಮ್ಯಾಲೇ ಅಲ್ಲೇನು ನಿಮಗ ಲೆಕ್ಕ ಹೊಳೀತಿದ್ದದ್ದು?”

ಪ್ಯಾಸೆಂಜರ್ ರೈಲು ಹತ್ತಿ ಶಹಾಬಾದಿಗೆ ಹೋದೆವು. ಮಾವನ ಅಡ್ಡೆಯಲ್ಲಿ ಫರಸಿಗಳು ಯಾವಾಗಿನಂತೆ ಅಳತೆಗೊಂದು ಸಾಲಾಗಿ, ಗೋಡೆಗೆ ಒರಗಿ ನಿಂತಿದ್ದವು. ಆಗಷ್ಟೇ ಖಣಿಯಿಂದ ಮೂರು ಬಂಡಿ ಹೊಸ ಕಲ್ಲು ಬಂದಿತ್ತು. ಮಾವ ಚಹಾಕ್ಕೆ ಹೊರಟರು.

“ಸಿದ್ರಾಮ್ಯಾ, ಇವನ್ನ ಇಳಿಸಿ ಇಟ್ಟಿರು. ಡಿಗ್ರಿ ಆದವರು ಕಲ್ಲು ಮುಟ್ಟಬಾರದು ಅಂತ ಎಲ್ಲೂ ಬರ್ದಿಲ್ಲಲ್ಲ?”

ಬರೆದಿರಲಿಲ್ಲ. ಬೇಸರ ಕಳೆಯಲಿ ಎಂದು ನಾನೂ ಉತ್ಸಾಹದಿಂದ ಇಳಿಸಿದೆ. ಬಂಡಿಯಿಂದ ಬಂದದ್ದು ಬಂದ ಹಾಗೇ, ಎರಡಡಿಯ ಮೇಲೆ ಮೂರಡಿ, ಅದರ ಮೇಲೆ ಒಂದೂವರೆಯದು ಮಲಗಿಸಿ, ಹೊಸ ಪುಸ್ತಕದ ಅಂಗಡಿಯಂತೆ ಹತ್ತು ಥಪ್ಪಿ ಪೇರಿಸಿದೆ. ನೋಡಲು ಭಾಳ ಚಂದ ಇತ್ತು. ಅಷ್ಟರಲ್ಲಿ ಚಿಂಚೋಳಿ ಕಡೆಯ ಗಿರಾಕಿಯೊಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಹೊಸದಾಗಿ ಬಂದದ್ದರಲ್ಲಿ ಎರಡಡಿಯವು ಮಾತ್ರ ಬೇಕು, ಅರ್ಜೆಂಟು.

ಚಹಾ ಮುಗಿಸಿ ಬಂದ ಮಾವ ನನ್ನ ಥಪ್ಪಿಗಳನ್ನು ನೋಡಿದರು. ತಲೆಯ ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಅವರು ಹಾಗೆ ಮಾಡಿದರೆ ನಾವು ಚಿಕ್ಕವರಿದ್ದಾಗ ಓಡಿಹೋಗುತ್ತಿದ್ದೆವು.

“ಏ ಶಾಣ್ಯಾ! ಇದೇನ್ ಮಾಡೀದಿ?”

“ಇಟ್ಟೀನಿ ಮಾವಾ. ಸಾಲಾಗಿ...”

“ಈಗ ಎರಡಡೀದು ತೆಗಿ ನೋಡಮ್! ಇದರಾಗೊಂದು, ಅದರಾಗೊಂದು! ಒಂದು ಕಲ್ಲಿಗೆ ಒಂದು ಥಪ್ಪಿ ಕೆದರಬೇಕು. ಹತ್ತು ಥಪ್ಪಿಗೆ ಹತ್ತು ಸಲ ಓಡ್ಯಾಡಬೇಕು. ಬಂದಂಗ ಯಾರರ ಇಡ್ತಾರೇನು? ಹೋಗೋದು ಹ್ಯಾಂಗ ಅದ, ಹಂಗ ಇಡಬೇಕೋ! ಒಮ್ಮಿ ಮೈ ನೋಯಿಸ್ಕೊಂಡು ಅಳತಿ ಪ್ರಕಾರ ನಿಲ್ಲಿಸಿಬಿಟ್ರ, ಆಮ್ಯಾಲ ಗಿರಾಕಿ ಕೇಳಿದ ಕೂಡಲೇ ಒಂದ ಕೈಲೆ ಎಳದು ಕೊಡಬಹುದು. ಇಷ್ಟೂ ತಿಳಿಯಂಗಿಲ್ಲೇನು ಬಿ.ಎಸ್ಸಿ. ಯೊಳಗ?”

ನಾನು ಕೈಯಲ್ಲಿ ಎರಡಡಿಯ ಫರಸಿ ಹಿಡಿದು ನಿಂತಿದ್ದೆ. ನಿಂತೇ ಇದ್ದೆ. ತಲೆಯೊಳಗೆ ಡಿಸ್ಕು ಟಕ ಎಂದಿತು. ಟಕ, ಒಂದು ಕೊಳವೆಗೆ ಹೋಗಿ ಮೂರನೇ ಪದರದ ಒಂದು ಅಂಕಿ. ಟಕ, ಮುಂದಿನ ಕೊಳವೆಗೆ ಓಡಿ ಇನ್ನೊಂದು. ಒಂದು ನಕ್ಷೆಗೆ ಸಾವಿರದ ಇನ್ನೂರು ಸಲ ಓಡಾಟ! ಬಂದ ಹಾಗೇ ಪೇರಿಸಿದವನು ನಾನು. ಯಂತ್ರ ಪಾಪ ನನ್ನ ಥಪ್ಪಿ ಕೆದರುತ್ತ ಊರೆಲ್ಲ ಓಡಾಡಿತ್ತು.

“ಸಿಕ್ಕಿತು!” ಎಂದು ಎರಡೂ ಕೈ ಮೇಲೆತ್ತಿ ಕುಣಿದೆ.

ಕೈ ಮೇಲೆ ಹೋದವು. ಫರಸಿ ಕೆಳಗೆ ಹೋಯಿತು. ನನ್ನ ಬಲಗಾಲಿನ ಹೆಬ್ಬೆರಳು ಅಲ್ಲೇ ಇತ್ತು!

“ಅಯ್ಯೋ ಯವ್ವಾ!” ಕಾಶಿ ಓಡಿ ಬಂದಳು. “ಏನ್ ಸಿಕ್ತುರಿ?”

“ಬೆರಳು ಸಿಕ್ತು,” ಎಂದರು ಮಾವ. ಆಮೇಲೆ ಕಲ್ಲನ್ನೆತ್ತಿ ನಾಲ್ಕೂ ಅಂಚು ನೋಡಿದರು. “ಕಲ್ಲಿಗೇನೂ ಆಗಿಲ್ಲ. ಚೊಲೊ ಕಲ್ಲು.”

ಸೋಮವಾರ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಹೋಗಿ, ಡಿಸ್ಕಿನಲ್ಲಿದ್ದದ್ದನ್ನೆಲ್ಲ ಬೊಗಸೆ ಬೊಗಸೆಯಾಗಿ ಒಮ್ಮೆ ಪೂರ್ತಿ ಓದಿಸಿ ಹೊಸದಾಗಿ ಪೇರಿಸಲು ಶುರು ಮಾಡಿದೆ. ಸುಣ್ಣದ ಮೊದಲನೇ ಪದರ ಪೂರಾ ಒಂದೇ ಕಡೆ, ಅದರ ಪಕ್ಕ ಎರಡನೇದು, ಹೀಗೆ ನಲವತ್ತೆಂಟು ಫರಸಿಗಳು ಗೋಡೆಗೆ ಒರಗಿದ ಹಾಗೆ. ಈ ಒಂದು ಸಲದ ಕೆಲಸಕ್ಕೆ ಮಂಗಳವಾರವೂ ಹಿಡಿಯಿತು. ಡಿಸ್ಕಿನ ಪೆಟ್ಟಿಗೆ ಮತ್ತೆ ಬಾಗಿಲ ಕಡೆಗೆ ನಡೆಯತೊಡಗಿತು. ಈ ಸಲ ನಾಲ್ಕೂ ಕಾಲಿನ ಕೆಳಗೆ ಶಹಾಬಾದಿ ಫರಸಿಯ ತುಂಡು ಒತ್ತಿದೆ. ನಿಂತಿತು.

ಬುಧವಾರ ಹನ್ನೊಂದಕ್ಕೆ ಮ್ಯಾನೇಜರ್ ಸಾಹೇಬರು ಬಂದರು. ಅವರ ಹಿಂದೆ ಕೊಳವೆಯ ರಿಜಿಸ್ಟರ್ ಹಿಡಿದ ಉಸ್ಮಾನ್ ಸಾಬರು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಹಾಗಾಗಿ ನನ್ನ ಹೆಬ್ಬೆರಳಿನ ಬಟ್ಟೆಯ ಮುಂಡಾಸಕ್ಕೆ ಅಲ್ಲಿ ಎಲ್ಲರಿಗಿಂತ ಹೆಚ್ಚಿನ ಮರ್ಯಾದೆ ಸಿಕ್ಕಿತು.

“ಏಳನೇ ಪದರ. ಸುಣ್ಣ,” ಎಂದರು ಮ್ಯಾನೇಜರ್.

ಏಳು ಒತ್ತಿದೆ. ಟಕ. ಒಂದೇ ಟಕ! ಅವರು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಪ್ರಿಂಟರ್ ಕಿರ್ರೆನ್ನತೊಡಗಿತು. ಶುಕ್ರವಾರದ ಅನುಭವವಿದ್ದ ಪಂತುಲು ಸಾಹೇಬರು ಅಭ್ಯಾಸಬಲದಿಂದ ಪೆಟ್ಟಿಗೆ ತಬ್ಬಲು ಓಡಿದವರು ಅರ್ಧದಲ್ಲೇ ನಿಂತರು. ಉಸ್ಮಾನ್ ಸಾಬರು ಕಣ್ಣಿಗೆ ಕನ್ನಡಕ ಏರಿಸಿ, ನಕ್ಷೆಯ ಮೇಲೆ ಬೆರಳಿಟ್ಟು, ರಿಜಿಸ್ಟರಿನೊಂದಿಗೆ ಹತ್ತು ಕಡೆ ತಾಳೆ ನೋಡಿದರು.

“ಸಾಬ್, ಬರೋಬರ್ ಅದ. ಕ್ಯಾಂಟೀನ್ ಬಚಾವ್!”

ಇಲ್ಲಿಗೆ ನಾನು ಕೈಕಟ್ಟಿ ನಿಂತಿದ್ದರೆ ಈ ಲೇಖನಕ್ಕೆ ಗೌರವಯುತವಾದ ಮುಕ್ತಾಯ ಸಿಗುತ್ತಿತ್ತು. ಆದರೆ ಮೂರು ಪೀಳಿಗೆಯ ಹೆಬ್ಬೆಟ್ಟಿನ ಮನೆತನ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದೆ ಎನಿಸಿತು. “ಇನ್ನೊಂದು ತೋರಿಸ್ತೀನಿ ಸರ್!” ಎಂದು ಗತ್ತಿನಿಂದ ಗುಂಡಿ ಒತ್ತಿದೆ. ಯಾವ ಪದರ ಎಂದು ಹೇಳುವುದನ್ನೇ ಮರೆತೆ. ಏನೂ ಹೇಳದಿದ್ದರೆ ಎಲ್ಲವನ್ನೂ ಕೊಡು ಎಂದು ಆ ಯಂತ್ರಕ್ಕೆ ಬರೆದಿಟ್ಟಿದ್ದವನು ಬೇರೆ ಯಾರೂ ಅಲ್ಲ!

ಕಾಗದ ಬರತೊಡಗಿತು. ಬಂತು. ಬರುತ್ತಲೇ ಇತ್ತು. ನಿಲ್ಲಿಸುವ ಗುಂಡಿ ಯಾವುದೆಂದು ನನಗೆ ನೆನಪಾಗಲಿಲ್ಲ. ಮೇಜು ತುಂಬಿ ನೆಲಕ್ಕಿಳಿಯಿತು, ಮ್ಯಾನೇಜರ್ ಸಾಹೇಬರ ಕಾಲಿಗೆ ಸುತ್ತಿಕೊಂಡಿತು. ತುದಿ ಹಿಡಿದು ಎಳೆಯುತ್ತ ಉಸ್ಮಾನ್ ಸಾಬರು ಬಾಗಿಲು ದಾಟಿದರು, ವರಾಂಡ ದಾಟಿದರು, ಕೊನೆಗೆ ಕ್ಯಾಂಟೀನಿನ ಹತ್ತಿರ ಬಸಮ್ಮನ ದನಿ ಕೇಳಿಸಿತು. “ಮತ್ತ ಬಂದ್ರೇನು? ಈಗ ನನ್ ಗಡಿಗಿ ತೆಳಗೇನರ ಕಂಡಾದೇನು?”

ಪ್ರಿಂಟರ್ ನಿಂತಿತು. ಸದ್ದಿಲ್ಲದ ಕೋಣೆಯಲ್ಲಿ ನಾನು ಕಣ್ಣು ಮುಚ್ಚಿ ಕಾಟಾದ ಕುರ್ಚಿಯನ್ನು ನೆನೆದೆ. ಆಗ ಊಟದ ಸೈರನ್ ಕೂಗಿತು.

ಪಂತುಲು ಸಾಹೇಬರು ಕಾಗದದ ಮಡಿಕೆಗಳನ್ನು ಎಣಿಸುತ್ತ ವರಾಂಡದವರೆಗೆ ಹೋಗಿ ಬಂದರು. “ನಲವತ್ತೆಂಟು,” ಎಂದರು. “ಸೈರನ್ ಒಳಗೆ. ಪಾಸ್!”

ಸರ್ಟಿಫಿಕೇಟ್ ಕೊಟ್ಟದ್ದು ಮರುವಾರ, ಕ್ಯಾಂಟೀನಿನಲ್ಲಿ, ಆ ಒಲೆಯಿಂದ ನಾಲ್ಕು ಮಾರು ದೂರದಲ್ಲಿ. ಮನೆಯವರನ್ನು ಕರೆತರಬಹುದು ಎಂದಿದ್ದರು. ಕಾಶಿ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಮಾವ ಒಗೆದ ಧೋತರ, ಗುಲಾಬಿ ರುಮಾಲು ಸುತ್ತಿ ಬಂದರು. ಮ್ಯಾನೇಜರ್ ಸಾಹೇಬರು ನನ್ನ ಹೆಸರು ಕರೆದಾಗ ಐದುನೂರು ಮಂದಿ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಬಸಮ್ಮ, ಸೌಟಿನಿಂದ.

ಕುಂಟುತ್ತ ಬಂದು ಸರ್ಟಿಫಿಕೇಟನ್ನು ನೇರವಾಗಿ ಮಾವನ ಕೈಯಲ್ಲಿಟ್ಟೆ. ಅವರು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದರು. ಓದಲು ಬಾರದ ಕಣ್ಣಿನಿಂದ ಮೇಲಿಂದ ಕೆಳಗಿನವರೆಗೆ ಎರಡು ಸಲ ನೋಡಿದರು. ಕಣ್ಣಂಚು ಒದ್ದೆಯಾಗಿತ್ತು.

“ಕಾಶೀ,” ಎಂದರು ಮಗಳ ಕಡೆ ತಿರುಗಿ, “ಏನ್ ಮಾಡಿದ್ದಕ್ಕ ಕೊಟ್ಟಾರ ಇದು?”

“ಮಷೀನಿನ ಹೊಟ್ಯಾಗ ಇಡೀ ಖಣಿ ಅದಂತಪ್ಪಾ. ಇವರು ಅದರಾಗಿಂದ ಬೇಕಾದ ಪದರ ಸರಿಯಾಗಿ ಎಬ್ಬಿಸಿ ಕೊಟ್ಟಾರಂತ.”

ಮಾವ ಸರ್ಟಿಫಿಕೇಟನ್ನು ಕಾಶಿಯ ಕೈಗೆ ಕೊಟ್ಟರು. ನನ್ನ ಮುಖ ನೋಡಿದರು. ನನ್ನ ಹೆಬ್ಬೆರಳು ನೋಡಿದರು.

“ಹದಿನೇಳು ವರ್ಷ ಸಾಲಿ ಕಲ್ತು, ಕಡೀಕ ನಮ್ಮ ಕಲ್ಲು ಎಬ್ಬಿಸೋ ಕೆಲಸಕ್ಕೇ ಬಂದ್ಯಲ್ಲೋ ಸಿದ್ರಾಮ್ಯಾ! ಮೊದಲೇ ಹೇಳಿದ್ರ ನಾ ಎಂಟು ದಿನದಾಗ ಕಲಿಸ್ತಿದ್ದೆ. ಬೆರಳೂ ಉಳೀತಿತ್ತು!”